ಪಕ್ಕದ ಮನೆಯ ಅಚ್ಚು ಕಾವಲಿ

ಮೊದಲು ಬಂದದ್ದು ಏಲಕ್ಕಿಯ ವಾಸನೆ. ರಟ್ಟಿನ ಡಬ್ಬ ತೆರೆದು, ಒಳಗೆ ಏನನ್ನೋ ಸುತ್ತಿಟ್ಟಿದ್ದ ಹಳೆಯ ದಿಂಬಿನ ಕವರನ್ನು ಬಿಚ್ಚಿದೆ, ಅಷ್ಟೇ. ಜೋರು ವಾಸನೆಯೇನಲ್ಲ. ಏಲಕ್ಕಿ ಮುಗಿದು ಎಷ್ಟೋ ದಿನವಾದ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅಷ್ಟು. ಅದರ ಬೆನ್ನಿಗೇ ಕಾದ ಬೆಣ್ಣೆಯದು, ಆಮೇಲೆ ಕಬ್ಬಿಣದ್ದು. ರಂಜಾನಿನ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆ. ಉಪವಾಸದ ಬಾಯಿ ಒಣಗಿತ್ತು, ಆದರೂ ನೀರೂರಿತು. ಯಾ ಅಲ್ಲಾ, ಇದು ನಮ್ಮ ಮನೆಗೆ ಯಾಕೆ ಬಂತು ಅಂದುಕೊಂಡೆ.

ಎಲ್ಲಿಂದ ಬಂತು ಅನ್ನೋದು ಗೊತ್ತಿತ್ತು. ಒಂದು ಗಂಟೆ ಮುಂಚೆ ಉಲ್ಲನ್ ಟೋಪಿ ಹಾಕಿದ ಹೆಂಗಸೊಬ್ಬರು ಬಾಗಿಲು ತಟ್ಟಿದ್ದರು. ಕಾರನ್ನು ಆಫ್ ಕೂಡ ಮಾಡಿರಲಿಲ್ಲ. "ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ಪಕ್ಕದಲ್ಲಿದ್ದರಲ್ಲ, ನಾನು ಅವರ ತಮ್ಮನ ಮಗಳು. ನಮ್ಮ ಮನೆ ಖಾಲಿ ಮಾಡ್ತಾ ಇದ್ದೀವಿ, ಗರಾಜಿನಲ್ಲಿ ಅವರ ಸಾಮಾನಿನ ಜೊತೆ ನಿಮ್ಮದೂ ಸಿಕ್ಕಿತು. ಇಷ್ಟು ವರ್ಷ ವಾಪಸ್ ಕೊಡದೆ ಇಟ್ಕೊಂಡಿದ್ದೀವಿ, ಐ ಯಾಮ್ ಸೋ ಸಾರಿ," ಅಂದರು.

"ನನ್ನದಾ? ನಾನು ಏನೂ ಕೊಟ್ಟಿರಲಿಲ್ಲವಲ್ಲ," ಅಂದೆ.

"ಅವರೇ ಬರೆದಿದ್ದಾರೆ ನೋಡಿ." ಡಬ್ಬದ ಮೇಲೆ ಹಳದಿಯಾಗಿದ್ದ ಮಾಸ್ಕಿಂಗ್ ಟೇಪು. ಅದರ ಮೇಲೆ ನೀಲಿ ಇಂಕಿನಲ್ಲಿ, ಒಂದು ಕಡೆಗೆ ವಾಲಿದ ಅಕ್ಷರದಲ್ಲಿ, 'ನೆಕ್ಸ್ಟ್ ಡೋರ್' ಅಂತ ಇತ್ತು. ಒಂದು ಚೀಟಿಯಲ್ಲಿ ತಮ್ಮ ಫೋನ್ ನಂಬರ್ ಬರೆದುಕೊಟ್ಟು, ಸ್ನೋ ಶುರುವಾಗೋ ಮುಂಚೆ ಹೋಗಬೇಕು ಅಂತ ಅವರು ಹೊರಟೇಬಿಟ್ಟರು.

ಅಕ್ಷರ ಪಕ್ಕದ ಮನೆಯ ಆಂಟಿಯದೇ, ಅನುಮಾನವಿರಲಿಲ್ಲ. ನಮ್ಮದು ಅಮೆರಿಕದ ಸಮರ್‌ಸೆಟ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಸಾಲುಮನೆ. ಅವರದು ಸಾಲಿನ ಕೊನೆಯದು. ಅವರಿಗೆ ಪಕ್ಕದ ಮನೆ ಅಂತ ಇದ್ದದ್ದು ನಮ್ಮದೊಂದೇ. ಆದರೆ ಡಬ್ಬದಲ್ಲಿದ್ದ ವಸ್ತು ನನ್ನದಲ್ಲ. ಎರಡು ದುಂಡನೆಯ ಕಬ್ಬಿಣದ ತಟ್ಟೆಗಳು, ಪುಸ್ತಕದ ಹಾಗೆ ತೆರೆದು ಮುಚ್ಚುವಂಥವು, ಒಳಮೈಯಲ್ಲಿ ಬಳ್ಳಿ ಹೂವಿನ ಕೆತ್ತನೆ, ಎರಡು ಉದ್ದನೆಯ ಹಿಡಿ. ಒಲೆಯ ಮೇಲಿಡೋದಕ್ಕೆ ಒಂದು ಬಳೆ. ಇಂಥದ್ದನ್ನು ನಾನು ಯಾವತ್ತೂ ಕೊಂಡಿದ್ದಿಲ್ಲ.

ಸಂಜೆ ನಮ್ಮ ಯಜಮಾನರು ನೋಡಿ, "ಏನಿದು, ಸ್ಯಾಂಡ್‌ವಿಚ್ ಮಾಡೋದಾ? ಭಾರ ನೋಡಿದರೆ ಕಳ್ಳ ಬಂದರೆ ತಲೆಗೆ ಹೊಡೆಯೋಕೂ ಆಗುತ್ತೆ," ಅಂದರು. ನಾನು ನಗಲಿಲ್ಲ. ಕೆಳಗೆ ನ್ಯೂಸ್‌ಪೇಪರ್ ಹಾಸಿ ಅದನ್ನು ಗರಾಜಿನಲ್ಲಿ ಇಟ್ಟೆ. ಅಡುಗೆಮನೆಯೊಳಗೆ ಮಾತ್ರ ತರಲಿಲ್ಲ. ಯಾಕೆ ತರಲಿಲ್ಲ ಅಂತ ಹೇಳಬೇಕಾದರೆ ಆ ಆಂಟಿಯ ವಿಷಯ ಹೇಳಬೇಕು.

ನಾವು ಮೈಸೂರಿನಿಂದ ಇಲ್ಲಿಗೆ ಬಂದದ್ದು ಒಂದು ನವೆಂಬರಿನಲ್ಲಿ. ಮಗಳಿಗೆ ಆರು ವರ್ಷ. ಒಂದೇ ಕಾರು, ಅದು ಬೆಳಿಗ್ಗೆ ಏಳಕ್ಕೆ ಇವರ ಜೊತೆ ಆಫೀಸಿಗೆ ಹೋಗಿಬಿಡುತ್ತಿತ್ತು. ನಾನು ಮಂಡಿ ಮೊಹಲ್ಲಾದ ಹುಡುಗಿ, ಓದಿದ್ದು ಕನ್ನಡ ಮೀಡಿಯಂ. ಮನೆಯಲ್ಲಿ ಉರ್ದು, ಸ್ಕೂಲಿನಲ್ಲಿ ಕನ್ನಡ. ಇಂಗ್ಲಿಷು ಓದಿದರೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮೊಹಲ್ಲಾದಲ್ಲಿ ಕಿಟಕಿ ತೆಗೆದರೆ ನಾಲ್ಕು ಜನ ಮಾತಾಡಿಸೋರು. ಇಲ್ಲಿ ಕಿಟಕಿಯನ್ನೇ ತೆಗೆಯುವ ಹಾಗಿರಲಿಲ್ಲ, ಚಳಿ. ಆದರೂ ಹೀಟರ್ ಇತ್ತು, ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು, ಮಗಳ ಸ್ಕೂಲ್ ಬಸ್ಸು ಮನೆ ಮುಂದೆಯೇ ನಿಲ್ಲುತ್ತಿತ್ತು. ಅಲ್ಹಮ್ದುಲಿಲ್ಲಾ ಅನ್ನೋದಕ್ಕೆ ದಿನಕ್ಕೆ ಮೂರು ಕಾರಣ ಸಾಕು ಅಂತ ನಾನೇ ಲೆಕ್ಕ ಇಟ್ಟುಕೊಂಡಿದ್ದೆ.

ಆಗ ರಂಜಾನ್ ನವೆಂಬರ್, ಡಿಸೆಂಬರಿಗೇ ಬರುತ್ತಿತ್ತು. ಒಂದು ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದರೆ ಎತ್ತರದ, ಬೆಳ್ಳಗಿನ, ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಐಸ್‌ಕ್ರೀಮ್ ಕೋನಿನ ಹಾಗೆ ಸುರುಳಿ ಸುತ್ತಿದ ಹೊಂಬಣ್ಣದ ಬಿಸ್ಕತ್ತುಗಳು, ಪೇಪರಿನಷ್ಟು ತೆಳ್ಳಗೆ. ಆ ತಟ್ಟೆಯಿಂದ ಏಲಕ್ಕಿ ಘಮ್ಮೆಂದಿತು. ಅಮೆರಿಕಕ್ಕೆ ಬಂದು ಮೂರು ವಾರದಲ್ಲಿ ಬೇರೆಯವರ ಮನೆಯಿಂದ ಬಂದ ಮೊದಲ ಪರಿಚಯದ ವಾಸನೆ ಅದು. ನನಗೆ ಅಳುವೇ ಬಂದುಬಿಟ್ಟಿತು.

ಆದರೆ ಬರುವಾಗ ಅಮ್ಮಿ ಹೇಳಿ ಕಳಿಸಿದ್ದರು, ಅಲ್ಲಿ ಬ್ರೆಡ್ಡಿನಲ್ಲೂ ಹಂದಿ ಇರುತ್ತಂತೆ, ಕೇಳದೆ ಬಾಯಿಗೆ ಹಾಕಬೇಡ ಅಂತ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಕೇಳಿದೆ. "ನೋ ಪಿಗ್? ಆಂಟಿ, ನೋ ಪಿಗ್?"

ಅವರು ನನ್ನನ್ನೇ ನೋಡಿದರು. "ಪಿಗ್? ಕುಕೀಯಲ್ಲಿ ಪಿಗ್ಗಾ?" ಅಂತ ನಗೋದಕ್ಕೆ ಶುರು ಮಾಡಿದವರು, ಮಧ್ಯದಲ್ಲೇ ನಿಲ್ಲಿಸಿಬಿಟ್ಟರು. ತಟ್ಟೆ ನೋಡಿಕೊಂಡರು. ಆಮೇಲೆ ಒಂದು ಮಾತೂ ಆಡದೆ, ಕೊಟ್ಟ ತಟ್ಟೆಯನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು ಹೊರಟುಹೋದರು. ಒಂದು ಬಿಸ್ಕತ್ತು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದ ಮಗಳಿಂದ ಅದನ್ನೂ ಇಸಕೊಂಡರು! ಮಗಳು ಜೋರಾಗಿ ಅತ್ತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಏನಂದೆ ನಾನು? ಅವರ ದೇಶದಲ್ಲಿ ಹಾಗೆ ಕೇಳೋದು ಬೈಗುಳವೇನೋ... ಇವರು ಸಂಜೆ ಬಂದು, "ಬಂದ ತಿಂಗಳೊಳಗೆ ನೆರೆಯವರ ಹತ್ತಿರ ಜಗಳ ಆಡಿದೆಯಾ, ಶಭಾಷ್," ಅಂದರು.

ಐದೋ ಆರೋ ದಿನ ಕಳೆದಿರಬೇಕು. ನಮ್ಮಿಬ್ಬರ ಮನೆಗೂ ನಡುವೆ ಇರೋದು ಒಂದೇ ಗೋಡೆ. ಆ ಗೋಡೆ ಮೂರು ಸಲ ಬಡಿದ ಸದ್ದಾಯಿತು. ಹಿಂದೆಯೇ ಬಾಗಿಲಲ್ಲಿ ಅವರು. "ಬಾ. ಕಣ್ಣಾರೆ ನೋಡು. ಬೆಣ್ಣೆ. ಬರೀ ಬೆಣ್ಣೆ." ಅವರು ಮಾತಾಡುತ್ತಿದ್ದದ್ದೇ ಹಾಗೆ, ತುಂಡು ತುಂಡಾಗಿ. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ನಲವತ್ತು ಮಕ್ಕಳ ಗಲಾಟೆ ನಡುವೆ ಉದ್ದುದ್ದ ಮಾತಾಡಿದರೆ ಯಾರಿಗೆ ಕೇಳುತ್ತೆ ಅಂತ ಅವರೇ ಆಮೇಲೆ ಹೇಳಿದ್ದರು.

ಅವತ್ತು ಅವರ ಅಡುಗೆಮನೆಯಲ್ಲಿ ಮೊದಲ ಸಲ ನೋಡಿದೆ. ಒಲೆಯ ಮೇಲೆ ಬಳೆ, ಬಳೆಯ ಮೇಲೆ ಅಚ್ಚು ಕಾವಲಿ. ಮೊಟ್ಟೆ, ಸಕ್ಕರೆ, ಕರಗಿಸಿದ ಬೆಣ್ಣೆ, ಮೈದಾ, ಒಂದಿಷ್ಟು ಕೆನೆ, ಏಲಕ್ಕಿ. ನಮ್ಮ ನೀರುದೋಸೆಗಿಂತ ಸ್ವಲ್ಪ ಗಟ್ಟಿಯ ಹಿಟ್ಟು. ಬ್ರಷ್ಷಿನಲ್ಲಿ ಬೆಣ್ಣೆ ಸವರಿ, ನಡುವೆ ಒಂದು ಚಮಚ ಹಿಟ್ಟು ಬಿಟ್ಟು, ಮುಚ್ಚಿ, ಹಿಡಿ ಎರಡನ್ನೂ ಸೇರಿಸಿ ಒತ್ತಬೇಕು. ಪಕ್ಕಕ್ಕೆ ಉಕ್ಕಿ ಬಂದದ್ದನ್ನು ಚಾಕುವಿನಲ್ಲಿ ಕೆರೆದು, ಕಾವಲಿಯನ್ನು ಹಾಗೇ ಮಗುಚಬೇಕು. ಮನಸ್ಸಿನಲ್ಲಿ ಒಂದು ಸಲ ಏಳು ಸಾಲಿನ ಸೂರೆ ಫಾತಿಹಾ ಹೇಳಿಕೊಳ್ಳುವಷ್ಟು ಹೊತ್ತು. ತೆಗೆದರೆ ಹೂವು ಮೂಡಿದ ಹಾಳೆ. ಅದು ಬಿಸಿಯಾಗಿರುವಾಗಲೇ ಮರದ ಕೋನಿಗೆ ಸುತ್ತಬೇಕು. ಎರಡು ಉಸಿರು ತಡವಾದರೆ ಗಾಜಿನ ಹಾಗೆ ಒಡೆಯುತ್ತದೆ.

"ಕೈ ಸುಡುತ್ತೆ," ಅಂದೆ.

"ಸುಡುತ್ತೆ. ಸುತ್ತು," ಅಂದರು.

ಮೊದಲನೆಯದು ಕಾವಲಿಗೆ ಅಂಟಿಕೊಂಡು ಚೂರಾಯಿತು. ಎರಡನೆಯದೂ ಅಷ್ಟೇ. "ಹೊಸ ಕಬ್ಬಿಣ. ಇನ್ನೂ ನನ್ನ ಮಾತು ಕೇಳ್ತಾ ಇಲ್ಲ," ಅಂತ ಅವರು ಗೊಣಗಿದರು. ಹಳೆಯದು ಹಾಳಾಗಿರಬೇಕು ಅಂದುಕೊಂಡೆ, ಅಷ್ಟೇ. ಕೆಟ್ಟುಹೋದ ಆ ಮೊದಲನೆಯದನ್ನು ಅವರು ಒಲೆಯ ಮುಂದೆ ನಿಂತೇ ತಿಂದುಬಿಟ್ಟರು. ಪ್ರತಿ ವರ್ಷವೂ ಹಾಗೇ. ಮೊದಲನೆಯದು ಯಾವತ್ತೂ ಅಚ್ಚುಕಟ್ಟಾಗಿ ಬರುತ್ತಿರಲಿಲ್ಲ, ಅದನ್ನು ಯಾರಿಗೂ ಕೊಡುತ್ತಲೂ ಇರಲಿಲ್ಲ. "ಇದು ಮಾಡಿದವಳ ಪಾಲು," ಅನ್ನುತ್ತಿದ್ದರು.

ಆ ಸಂಜೆ ಖರ್ಜೂರದ ಜೊತೆ ಅವರ ಬಿಸ್ಕತ್ತಿನಿಂದ ಇಫ್ತಾರ್ ಮಾಡಿದೆವು. ಅವರೂ ನಮ್ಮ ಟೇಬಲ್ಲಿಗೆ ಬಂದು ಕೂತಿದ್ದರು. ಗಡಿಯಾರ ನೋಡಿ, "ಇನ್ನೂ ಎರಡು ನಿಮಿಷ, ಯಾರೂ ಮುಟ್ಟಬಾರದು," ಅಂತ ನಮಗೇ ಗದರಿದರು.

ಅವರ ತಂದೆ ನಾರ್ವೆಯಿಂದ ಬ್ರೂಕ್ಲಿನ್‌ಗೆ ಬಂದ ಬಡಗಿಯಂತೆ. ತಾಯಿ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಒಂದು ಅಚ್ಚು ಕಾವಲಿ ಇಟ್ಟುಕೊಂಡು ಬಂದಿದ್ದರಂತೆ. ಆ ತಿಂಡಿಗೆ ಅವರ ಭಾಷೆಯಲ್ಲಿ ಕ್ರುಮ್‌ಕಾಕೆ ಅನ್ನುತ್ತಾರೆ. ಏಲಕ್ಕಿ ತಮ್ಮ ನಾರ್ವೆಯದು ಅಂತ ಅವರ ವಾದ.

"ಆಂಟಿ, ನಿಮ್ಮ ಐಸಿನಲ್ಲಿ ಏಲಕ್ಕಿ ಬೆಳೆಯುತ್ತಾ?"

"ಬೆಳೆಯೋದು ನಿಮ್ಮಲ್ಲಿ. ಅದನ್ನು ಏನು ಮಾಡಬೇಕು ಅಂತ ಗೊತ್ತಿರೋದು ನಮಗೆ."

ಅವರ ಹತ್ತಿರ ಇದ್ದದ್ದು ಗಾಜಿನ ಬಾಟಲಿಯ ಹಳೇ ಏಲಕ್ಕಿ ಪುಡಿ. ಊರಿಂದ ತಂದಿದ್ದ ಹಸಿರು ಏಲಕ್ಕಿಯನ್ನು ನಾನು ಕುಟ್ಟಿ ಕೊಟ್ಟೆ. ಅವರು ಕಣ್ಣು ಮುಚ್ಚಿ ಮೂಸಿದರು. "ನಮ್ಮಮ್ಮನ ಕಾಲದ್ದು ಹೀಗಿತ್ತು," ಅಂದರು. ಆ ಬಾಟಲಿಯನ್ನು ಕಸಕ್ಕೆ ಹಾಕಿದರು. ಆಮೇಲೆ ಊರಿಂದ ಯಾರೇ ಬಂದರೂ ಅವರಿಗೆ ಅಂತ ಕಾಲು ಕೇಜಿ ಬೇರೆ ತರಿಸುತ್ತಿದ್ದೆ.

ಮಂಗಳವಾರ ಅವರ ಕಾರಿನಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದು ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರವನ್ನೂ ಅವರೇ ಓದುತ್ತಿದ್ದರು. "ಇದು ಬೇಡ, ಜೆಲಾಟಿನ್. ಹಂದಿ ಚರ್ಮದ್ದು. ಇದೂ ಬೇಡ. ಇದೇನು, ಯೋಗರ್ಟಿಗೂ ಹಾಕ್ತಾರಾ? ಶೇಮ್ ಆನ್ ದೆಮ್." ಲೇಬಲ್ ಓದೋದನ್ನು ನನಗೆ ಕಲಿಸಿದ್ದು ಅವರು. ಇದನ್ನು ನಾನು ಮರೆಯಬಾರದಾಗಿತ್ತು.

ಹೀಗೆ ಏಳು ಡಿಸೆಂಬರ್. ಮಗ ಹುಟ್ಟಿದ, ನಡೆದ, ಅವರ ಮರದ ಕೋನನ್ನು ಹಲ್ಲಿನಲ್ಲಿ ಕಚ್ಚಿ ಗುರುತು ಮಾಡಿದ. ರಂಜಾನ್ ವರ್ಷಕ್ಕೆ ಹತ್ತು ದಿನ ಹಿಂದೆ ಸರಿಯುತ್ತದಲ್ಲ, ಅದು ಡಿಸೆಂಬರ್ ಬಿಟ್ಟು ಸೆಪ್ಟೆಂಬರಿಗೆ ಹೋಗಿತ್ತು. ನಮ್ಮ ಬಿಸ್ಕತ್ತಿನ ದಿನ ಮಾತ್ರ ಡಿಸೆಂಬರಿನಲ್ಲೇ ಇತ್ತು. ಗೋಡೆ ಮೂರು ಸಲ ಬಡಿದರೆ ಕಾವಲಿ ಕಾದಿದೆ ಅಂತ ಅರ್ಥ. ಏಳನೆಯ ವರ್ಷವೂ ಬಡಿದರು, ಹೋದೆ. ಹಿಟ್ಟು ಮುಗಿಯುತ್ತಾ ಬಂದಿತ್ತು. ಅವರ ಎರಡು ಕೈಯೂ ಕಾವಲಿಯ ಮೇಲಿದ್ದವು. "ಫ್ರಿಜ್ಜಿನಿಂದ ಇನ್ನೊಂದು ತುಂಡು ಬೆಣ್ಣೆ ತೆಗಿ," ಅಂದರು.

ತೆಗೆಯೋದಕ್ಕೆ ಹೋದೆ. ಬೆಣ್ಣೆಯ ಹಿಂದೆ ಇನ್ನೊಂದು ಪ್ಯಾಕೆಟ್ಟು. ಬಿಳಿ ಇಟ್ಟಿಗೆಯ ಹಾಗಿತ್ತು, ಅರ್ಧ ಖಾಲಿಯಾಗಿತ್ತು, ಚಾಕುವಿನ ಗುರುತು ಹೊಸದಾಗಿತ್ತು. ಓದೋದನ್ನು ಕಲಿತಿದ್ದೆನಲ್ಲ, ಓದಿದೆ. ಲಾರ್ಡ್. ಹಂದಿಯ ಕೊಬ್ಬಿಗೆ ಇಲ್ಲಿ ಹಾಗೆ ಅನ್ನುತ್ತಾರೆ. ಪಕ್ಕದಲ್ಲೇ ಒಂದು ಸಣ್ಣ ಬ್ರಷ್ಷು, ಕಾವಲಿಗೆ ಸವರುವಂಥದ್ದೇ.

ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ನಿಂತೆ. ಏಳು ವರ್ಷ. ಮಕ್ಕಳಿಗೆ ಕೊಟ್ಟಿದ್ದೆ. ಮಸೀದಿಗೆ ಇಫ್ತಾರಿಗೆ ಅಂತ ಡಬ್ಬಿ ತುಂಬಿಸಿ ಕಳಿಸಿದ್ದೆ. ಊರಿಂದ ಅಮ್ಮಿ ಬಂದಾಗ ಅವರಿಗೂ ತಿನ್ನಿಸಿದ್ದೆ...

ಕೇಳಬಹುದಿತ್ತು. ಮೂರೇ ಮೂರು ಮಾತು, "ಆಂಟಿ, ಇದು ಯಾಕೆ?" ಅಂತ. ಬಂದ ಹೊಸದರಲ್ಲಿ ಇಂಗ್ಲಿಷ್ ಬಾರದವಳು ಬಾಗಿಲಲ್ಲೇ ನೋ ಪಿಗ್ ಅಂತ ಕೇಳಿದ್ದೆ. ಇಂಗ್ಲಿಷ್ ಬಂದಮೇಲೆ ಬಾಯಿ ಕಟ್ಟಿಹೋಯಿತು. ಹಿರಿಯರು, ನಮ್ಮ ಮಕ್ಕಳನ್ನು ಎತ್ತಿ ಆಡಿಸಿದವರು, ನೀವು ಸುಳ್ಳು ಹೇಳಿದಿರಿ ಅನ್ನೋ ಹಾಗೆ ಅವರನ್ನು ಹೇಗೆ ಕೇಳೋದು ಅನ್ನೋ ಸಂಕೋಚ. ಸಂಕೋಚವೋ ಕೋಪವೋ, ಈಗ ಸರಿಯಾಗಿ ಹೇಳಲಾರೆ. ತಲೆನೋವು ಅಂದು ಎದ್ದುಬಂದೆ. ಅವರು ಡಬ್ಬಿ ತುಂಬಿಸಿ ಕೊಟ್ಟರು. ಮನೆಗೆ ತಂದು ಎಲ್ಲವನ್ನೂ ಕಸದ ಚೀಲಕ್ಕೆ ಸುರಿದೆ. ಮೂರು ದಿನ ಬಿಟ್ಟು, ತೊಳೆದ ಖಾಲಿ ಡಬ್ಬಿ ವಾಪಸ್ ಕೊಟ್ಟೆ.

"ಆಗಲೇ ಖಾಲಿ ಮಾಡಿದಿರಾ!" ಅಂತ ಅವರು ಎಷ್ಟು ಖುಷಿಪಟ್ಟರು ಅಂದರೆ... ಅದನ್ನು ನೆನೆಸಿಕೊಳ್ಳುವುದು ನನಗೆ ಇವತ್ತಿಗೂ ಕಷ್ಟ.

ಆಮೇಲೆ ನಾನು ಹೋಗಲಿಲ್ಲ. ಜಗಳ ಏನಿಲ್ಲ. ಎದುರು ಸಿಕ್ಕರೆ ಹಾಯ್, ಹೌ ಆರ್ ಯು. ಮಂಗಳವಾರ ಕರೆದರೆ ಮಗನಿಗೆ ನೆಗಡಿ, ನನಗೆ ಕೆಲಸ. ಅಷ್ಟು ಹೊತ್ತಿಗೆ ನಾನೂ ಡ್ರೈವ್ ಮಾಡಲು ಕಲಿತಿದ್ದೆ, ನೆಪಕ್ಕೆ ಬರವಿರಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಗೋಡೆ ಮೂರು ಸಲ ಬಡಿಯಿತು. ನಾನು ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಬಡಿಯಿತು, ಮೆತ್ತಗೆ. ಮಗ ಬಂದು, "ಅಮ್ಮಿ, ಶಿ ಈಸ್ ನಾಕಿಂಗ್," ಅಂದ. "ಪೈಪಿನ ಸದ್ದು ಕಣೋ," ಅಂದೆ. ರಂಜಾನಲ್ಲದಿದ್ದರೂ ಸುಳ್ಳು ಸುಳ್ಳೇ. ಅದರ ಮುಂದಿನ ವರ್ಷ ಬಡಿಯಲೇ ಇಲ್ಲ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಅವರು ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ತಮ್ಮನ ಕಡೆಯವರು ಬಂದು, ವಯಸ್ಸಾದವರನ್ನು ನೋಡಿಕೊಳ್ಳುವ ಯಾವುದೋ ಜಾಗಕ್ಕೆ ಕರೆದುಕೊಂಡು ಹೋದರು. ಹೋಗಿ ನೋಡಬೇಕು ಅಂತ ಎರಡು ವರ್ಷ ಅಂದುಕೊಂಡೆ. ತೀರಿಕೊಂಡರು ಅಂತ ಪೋಸ್ಟ್ ಹಾಕುವವನಿಂದ ಗೊತ್ತಾಯಿತು. ಬರೀ ಗೋಡೆಯಾಚೆ ಇದ್ದವರು...

ಈಗ ಹೇಳಿ, ಆ ಕಾವಲಿಯನ್ನು ನಾನು ಅಡುಗೆಮನೆಗೆ ಹೇಗೆ ತರಲಿ? ಆ ಬಿಳಿ ಇಟ್ಟಿಗೆಯನ್ನು ಸವರಿದ ಕಬ್ಬಿಣ ಅಂತಲೇ ನನ್ನ ತಲೆಯಲ್ಲಿತ್ತು. ಬಿಸಾಡಲಿಕ್ಕೂ ಮನಸ್ಸಿಲ್ಲ. ನಿಮ್ಮದು ಅಂತ ಬರೆದು ಕಳಿಸಿದ್ದಾರೆ. ನನಗೆ ಗೊತ್ತಾಯಿತು ಅಂತ ಅವರಿಗೆ ಗೊತ್ತಾಗಿತ್ತಾ? ಚುಚ್ಚಿ ಬರೆದದ್ದಾ? ಅಥವಾ ವಯಸ್ಸಾದ ಮೇಲೆ ಏನೋ ಮರೆತು ಬರೆದದ್ದಾ? ಎರಡು ದಿನ ಗರಾಜಿಗೆ ಹೋಗಿ ಹೋಗಿ ನೋಡಿ ಬಂದೆ. ಸ್ಟೀಲ್ ಉಲ್ಲನ್ನು, ಸೋಪನ್ನು ಹಿಡಿದುಕೊಂಡು ಹೋಗಿ, ಉಜ್ಜದೆ ವಾಪಸ್ ಬಂದೆ. ಉಜ್ಜಿದರೆ ಏಲಕ್ಕಿ ವಾಸನೆಯೂ ಹೋಗಿಬಿಡುತ್ತದೆ ಅನ್ನಿಸಿತು.

ಮಗಳಿಗೆ ಫೋನ್ ಮಾಡಿದೆ. ಅವಳೀಗ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿದ್ದಾಳೆ, ಅವಳಿಗೇ ಒಂದು ಕೂಸು. ಫ್ರಿಜ್ಜಿನ ವಿಷಯ ಅವಳಿಗೆ ಯಾವತ್ತೂ ಹೇಳಿರಲಿಲ್ಲ, ಅವತ್ತೂ ಹೇಳಲಿಲ್ಲ. ಕಾವಲಿ ಬಂತು ಅಂದೆ, ಅಷ್ಟೇ.

"ಓ ಮೈ ಗಾಡ್, ಅಮ್ಮಿ! ಶಿ ಟುಕ್ ದ ಕುಕೀ ಫ್ರಮ್ ಮೈ ಹ್ಯಾಂಡ್, ನೆನಪಿದೆಯಾ? ಐ ವಾಸ್ ಸೋ ಮ್ಯಾಡ್. ಅದರಲ್ಲಿ ಸ್ಟಾರ್ ಇತ್ತು, ಐ ವಾಂಟೆಡ್ ದ ಸ್ಟಾರ್. ಆಮೇಲೆ ಯಾವಾಗ ಕೇಳಿದ್ರೂ ಬರೀ ಫ್ಲವರ್ಸ್ ಕೊಡ್ತಿದ್ರು."

"ಯಾವ ಸ್ಟಾರು?"

"ಕುಕೀ ಮೇಲೆ, ಅಮ್ಮಿ. ಪ್ಯಾಟರ್ನ್."

ಫೋನ್ ಇಟ್ಟು ಗರಾಜಿಗೆ ಹೋಗಿ ಕಾವಲಿ ತೆರೆದೆ. ಎರಡೂ ಕಡೆ ಬಳ್ಳಿ, ಹೂವು. ನಕ್ಷತ್ರ ಎಲ್ಲೂ ಇರಲಿಲ್ಲ. ನನ್ನ ತಲೆ ಇನ್ನಷ್ಟು ಕೆಟ್ಟಿತು. ಚೀಟಿ ಹುಡುಕಿ ಆ ತಮ್ಮನ ಮಗಳಿಗೆ ಫೋನ್ ಮಾಡಿದೆ.

"ಕ್ಷಮಿಸಿ, ಇದು ನನ್ನದಲ್ಲ ಅನ್ನಿಸುತ್ತೆ. ನಿಮ್ಮ ಅತ್ತೆಯದೇ. ಅವರು ಇದರಲ್ಲೇ ಮಾಡ್ತಿದ್ದರು," ಅಂದೆ.

"ನೋ ನೋ," ಅಂದರು ಅವರು. "ಅವರದು ನನ್ನ ಹತ್ತಿರ ಇದೆ. ಅಜ್ಜಿ ನಾರ್ವೆಯಿಂದ ತಂದದ್ದು, ಅದರಲ್ಲಿ ನಕ್ಷತ್ರ ಇದೆ. ಕ್ರಿಸ್‌ಮಸ್ಸಿಗೆ ನಮಗೆಲ್ಲ ಅದರಲ್ಲೇ ಮಾಡ್ತಿದ್ದರು, ಅಜ್ಜಿಯ ಹಾಗೇ ಲಾರ್ಡ್ ಸವರಿ. ನಿಮ್ಮದನ್ನು ಅವರು ನಮಗೆ ಮುಟ್ಟೋಕೇ ಬಿಡ್ತಿರಲಿಲ್ಲ. ಬೇರೆ ಕಪಾಟು, ಬೇರೆ ಬ್ರಷ್ಷು. ನಾನು ಒಂದು ಸಲ ಅಜ್ಜಿಯ ಬ್ರಷ್ಷನ್ನು ಇದಕ್ಕೆ ಹಾಕೋದಕ್ಕೆ ಹೋದಾಗ ಕೈಮೇಲೆ ಹೊಡೆದರು. ದಟ್ ಈಸ್ ನೆಕ್ಸ್ಟ್ ಡೋರ್ಸ್, ಅಂತ. ಅದಕ್ಕೇ ನೀವು ಅವರಿಗೆ ಇಟ್ಟುಕೊಳ್ಳೋಕೆ ಕೊಟ್ಟದ್ದು ಅಂದುಕೊಂಡಿದ್ದೆ."

ನಾನು ಅಡುಗೆಮನೆಯ ಕುರ್ಚಿಯಲ್ಲಿ ಕೂತುಬಿಟ್ಟೆ.

"ಇದನ್ನು ಯಾವಾಗ ತಂದರು, ಗೊತ್ತಾ?"

"ಅದು ಗೊತ್ತಿಲ್ಲ. ಆದರೆ ಕೊನೆಯ ಒಂದೆರಡು ವರ್ಷ ಇದರಲ್ಲಿ ಏನೂ ಮಾಡ್ತಿರಲಿಲ್ಲ. ಡಿಸೆಂಬರ್ ಬಂದರೆ ತೆಗೆದು, ಬಿಸಿ ಮಾಡಿ, ಬೆಣ್ಣೆ ಸವರಿ, ಒರೆಸಿ ಮತ್ತೆ ಇಡ್ತಿದ್ದರು. ತುಕ್ಕು ಹಿಡಿಯಬಾರದು, ಅವರಿಗೆ ಬೇಕಾದಾಗ ರೆಡಿ ಇರಬೇಕು ಅಂತಿದ್ದರು." ಆಮೇಲೆ ಅವರೇ ಕೇಳಿದರು, "ನಿಮ್ಮದಲ್ಲ ಅಂದರೆ ನಾನು ಬಂದು ತಗೊಂಡು ಹೋಗಲಾ?"

"ಬೇಡ," ಅಂದೆ. "ನನ್ನದೇ."

ಆ ಮೊದಲ ತಟ್ಟೆ, ಲಾರ್ಡ್ ಸವರಿದ ನಕ್ಷತ್ರದ ಕಾವಲಿಯದು. ಅದನ್ನು ವಾಪಸ್ ತೆಗೆದುಕೊಂಡು ಹೋದದ್ದು ಕೋಪಕ್ಕಲ್ಲ. ಐದಾರು ದಿನ ಈ ಹೂವಿನ ಕಾವಲಿಯನ್ನು ಎಲ್ಲಿಗೋ ಹೋಗಿ ಹುಡುಕಿರಬೇಕು, ಅಥವಾ ತರಿಸಿರಬೇಕು, ಆ ಚಳಿಯಲ್ಲಿ, ಹೆಸರೂ ಗೊತ್ತಿಲ್ಲದ, ನೆಟ್ಟಗೆ ಇಂಗ್ಲಿಷ್ ಬಾರದ ಒಬ್ಬಳಿಗಾಗಿ. ಅದನ್ನು ಹೇಳಿಕೊಳ್ಳಲಿಲ್ಲ ಯಾಕೆ? ಇದನ್ನು ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಹೇಳಿದ್ದರೆ... ಆದರೆ ಹೇಳದಿದ್ದದ್ದು ಅವರ ತಪ್ಪು ಅಂತ ನಾನು ಹೇಗೆ ಅನ್ನಲಿ? ಕೇಳದಿದ್ದದ್ದು ನಾನು.

ಅಮ್ಮಿ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ನಮಾಜು ತಪ್ಪಿದರೆ, ಉಪವಾಸ ತಪ್ಪಿದರೆ ಅಲ್ಲಾಹನ ಹತ್ತಿರ ಅತ್ತು ಕೇಳಿಕೊಳ್ಳಬಹುದು, ಅವನು ದೊಡ್ಡವನು. ಮನುಷ್ಯರಿಗೆ ಮಾಡಿದ್ದನ್ನು ಮಾತ್ರ ಆ ಮನುಷ್ಯರ ಹತ್ತಿರವೇ ಹೋಗಿ ಮಾಫ್ ಮಾಡಿಸಿಕೊಳ್ಳಬೇಕು. ಆ ರಾತ್ರಿ, ರಂಜಾನಿನಲ್ಲಿ ಮಾತ್ರ ಮಾಡುವ ತರಾವೀಹ್ ನಮಾಜಿನಲ್ಲಿ ಸಾಲು ತಪ್ಪಿ ನಿಂತೆ, ಎಷ್ಟು ರಕಾತ್ ಆಯಿತು ಅನ್ನೋದೂ ಮರೆಯಿತು. ಏಳು ವರ್ಷ ನನ್ನ ಮಕ್ಕಳ ಬಾಯಿಗೆ ಹರಾಮ್ ಹೋಗಿಲ್ಲ ಅಂತ ಸಮಾಧಾನಪಡಲಾ? ಪಡುತ್ತೇನೆ, ಅದು ದೊಡ್ಡ ಕೃಪೆ. ಆದರೆ ಆ ಕೃಪೆ ನನಗೆ ಬಂದದ್ದು ಯಾರ ಕೈಯಿಂದಲೋ ಅವರ ಗೋಡೆಯ ಸದ್ದಿಗೆ ನಾನು ಪೈಪು ಅಂದಿದ್ದೆ. ಇವರಿಗೆ ಎಲ್ಲ ಹೇಳಿದೆ. ಇವರು, "ಮಾಡು. ಅದರಲ್ಲಿ ಮಾಡು. ಸುಮ್ಮನೆ ಇಟ್ಕೊಂಡು ಅಳಬೇಡ," ಅಂದರು.

ನಿನ್ನೆ ಮಾಡಿದೆ. ಸಂಜೆ ನಾಲ್ಕೂವರೆಗೆ ಕಾವಲಿಯನ್ನು ಒಲೆಯ ಮೇಲಿಟ್ಟೆ. ಸೋಪು ಹಾಕಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅಷ್ಟೇ. ಮರದ ಕೋನು ಡಬ್ಬದಲ್ಲಿರಲಿಲ್ಲ, ಮಗನ ಹಲ್ಲಿನ ಗುರುತಿದ್ದದ್ದು, ಎಲ್ಲಿ ಹೋಯಿತೋ. ಲಟ್ಟಣಿಗೆಯ ಹಿಡಿಗೇ ಸುತ್ತಿದೆ. ಅಳತೆ ಬರೆದಿಟ್ಟುಕೊಂಡಿರಲಿಲ್ಲ, ಕೈಗೆ ನೆನಪಿತ್ತು. ಉಪವಾಸ, ರುಚಿ ನೋಡುವ ಹಾಗಿಲ್ಲ. ಏಲಕ್ಕಿ ಹೆಚ್ಚಾಯಿತಾ ಅಂತ ಮೂಸಿ ನೋಡಿ ಸುಮ್ಮನಾದೆ. ಬೆಣ್ಣೆ ಕಾದು ಕಬ್ಬಿಣದ ಹೊಗೆ ಎದ್ದಾಗ, ಇನ್ನೇನು ಗೋಡೆ ಬಡಿಯುತ್ತದೆ ಅನ್ನಿಸಿ ಕಿವಿಗೊಟ್ಟು ನಿಂತೆ. ಆ ಕಡೆ ಈಗಿರುವುದು ಯಾರೋ ಹುಡುಗರು. ಟಿವಿಯ ಸದ್ದು ಕೇಳಿತು.

ಮೊದಲನೆಯದು ಅಂಟಿಕೊಂಡಿತು. ಚಾಕುವಿನಲ್ಲಿ ಎಬ್ಬಿಸಿದರೆ ಮೂರು ತುಂಡು, ಒಂದರ ಮೇಲೆ ಮಾತ್ರ ಅರ್ಧ ಹೂವು. ಅದನ್ನು ಸಣ್ಣ ತಟ್ಟೆಯಲ್ಲಿ ತೆಗೆದಿಟ್ಟೆ. ಎರಡನೆಯದರಿಂದ ಚೆನ್ನಾಗಿ ಬಂದವು. ಬೆರಳು ಸುಟ್ಟಿತು. ಸುಡುತ್ತೆ, ಸುತ್ತು, ಅಂದುಕೊಂಡು ಸುತ್ತಿದೆ. ಮೂವತ್ತು ಆದವು.

ಸೂರ್ಯ ಮುಳುಗಿ ಮಗ್ರಿಬ್ ಅಜಾನ್ ಫೋನಿನಲ್ಲಿ ಕೂಗಿದಾಗ ಇವರು ಖರ್ಜೂರ ಬಾಯಿಗಿಟ್ಟುಕೊಂಡು, ಒಳ್ಳೆಯ ಒಂದು ಸುರುಳಿಯನ್ನು ಆರಿಸಿ ನನ್ನ ಮುಂದೆ ಹಿಡಿದರು. "ತಗೋ, ನೀನು ಮಾಡಿದ್ದು."

ಬೇಡ ಅಂದೆ. ಖರ್ಜೂರ ತಿಂದು, ನೀರು ಕುಡಿದು, ಎದ್ದುಹೋಗಿ ಒಲೆಯ ಮುಂದೆ ನಿಂತು ಆ ಮೂರು ತುಂಡು ತಿಂದೆ. ಒಂದು ಕಡೆ ಸೀದಿತ್ತು, ಏಲಕ್ಕಿ ಸ್ವಲ್ಪ ಹೆಚ್ಚೇ ಆಗಿತ್ತು. "ಆಂಟಿ, ಮಾಫ್ ಮಾಡಿ" ಅಂತ ಗೋಡೆಯ ಕಡೆ ತಿರುಗಿ ಕನ್ನಡದಲ್ಲೇ ಅಂದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಬೇಕಾದ ಕಾಲಕ್ಕೆ ನಾನು ಕೇಳಿರಲಿಲ್ಲ.